ಐರನ್ ಡ್ರಿಪ್: ಯಾವುದು, ಎಷ್ಟು ಸಲ, ಎಲ್ಲಿ ಹಾಕಿಸೋದು?

ರಿಪೋರ್ಟ್ ಕೈಗೆ ಬಂದಿರುತ್ತದೆ. ಹಿಮೋಗ್ಲೋಬಿನ್ 8, ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟಿದೆ ಅಂತ ತೋರಿಸುವ ಅಂಕಿ) 6. ಮೆಟ್ಟಿಲು ಹತ್ತಿದರೆ ಏದುಸಿರು, ತಲೆ ಬಾಚಿದರೆ ಕೈತುಂಬ ಕೂದಲು. ಕಬ್ಬಿಣವನ್ನು ನೇರ ರಕ್ತನಾಳಕ್ಕೆ ಬಿಡುವ ಐರನ್ ಡ್ರಿಪ್ ಬಗ್ಗೆ ಒಬ್ಬ ಡಾಕ್ಟರು "ಒಂದೇ ಸಲದ ಡ್ರಿಪ್ ಹಾಕಿಸಿಬಿಡಿ" ಅನ್ನುತ್ತಾರೆ. ಇನ್ನೊಬ್ಬರು "ಐದು ಸಲ ಬನ್ನಿ" ಅನ್ನುತ್ತಾರೆ. ಮನೆಯಲ್ಲಿ ಯಾರೋ "ಮಾತ್ರೆ ಇರುವಾಗ ಸೂಜಿ ಯಾಕೆ?" ಅಂತ ಕೇಳುತ್ತಾರೆ. ಮೂವರ ಮಾತಿನಲ್ಲೂ ನಿಜ ಇದೆ. ತಲೆ ಕೆಡೋದು ಅದಕ್ಕೇ ಅಲ್ವಾ?

ನಾನು ಡಾಕ್ಟರಲ್ಲ. ಮಾತ್ರೆ, ಐದು ಸಲದ ಡ್ರಿಪ್, ಒಂದು ಸಲದ ಡ್ರಿಪ್ ಮೂರನ್ನೂ ಬೇರೆ ಬೇರೆ ಕಾಲದಲ್ಲಿ ತೆಗೆದುಕೊಂಡವಳು, ಅಷ್ಟೇ. ಮೂರನೇ ಸಲದ ಹೊತ್ತಿಗೆ ಒಂದು ವಿಷಯ ಗೊತ್ತಾಯಿತು. ಔಷಧಿಯ ಹೆಸರು ಕೊನೆಗೆ ಕೇಳಿದರೂ ಆಗುತ್ತದೆ. ಮೊದಲು ಕೇಳಬೇಕಾದ್ದು "ನನಗೆ ಒಟ್ಟು ಎಷ್ಟು ಮಿಲಿಗ್ರಾಂ ಬೇಕು?" ಅಂತ. ಆ ಒಂದು ಸಂಖ್ಯೆ ಸಿಕ್ಕರೆ ಅರ್ಧ ಗೊಂದಲ ತಾನೇ ಕರಗುತ್ತದೆ.

ಮೊದಲು ಲೆಕ್ಕ

ದೊಡ್ಡವರ ಮೈಯಲ್ಲಿ ಇರುವ ಕಬ್ಬಿಣ ಒಟ್ಟು 3ರಿಂದ 4 ಗ್ರಾಂ. ಊಟದಿಂದ ದಿನಕ್ಕೆ ರಕ್ತಕ್ಕೆ ಸೇರುವುದು ಬರೀ 1-2 ಮಿಲಿಗ್ರಾಂ. ಹಾಗಾಗಿ ಮುಟ್ಟಿನಲ್ಲೋ ಹೊಟ್ಟೆಯ ಹುಣ್ಣಿನಲ್ಲೋ ರಕ್ತ ಹೋಗುತ್ತಲೇ ಇದ್ದರೆ ಕಬ್ಬಿಣದ ಸಾಲ ಸದ್ದಿಲ್ಲದೆ ಬೆಳೆಯುತ್ತದೆ.

ಈ ಸಾಲವನ್ನು ಅಳೆಯಲು ಡಾಕ್ಟರುಗಳು ಗಾಂಜೋನಿ ಸೂತ್ರ ಅನ್ನುವ ಹಳೆಯ ಲೆಕ್ಕ ಬಳಸುತ್ತಾರೆ. ಮುಟ್ಟಬೇಕಾದ ಹಿಮೋಗ್ಲೋಬಿನ್‌ನಿಂದ ಈಗಿರುವುದನ್ನು ಕಳೆಯಿರಿ. ಅದನ್ನು ನಿಮ್ಮ ತೂಕದಿಂದ ಗುಣಿಸಿ, ಮತ್ತೆ 2.4ರಿಂದ ಗುಣಿಸಿ. ಬಂದದ್ದಕ್ಕೆ ಮೈಯ ಕಬ್ಬಿಣದ ಉಳಿತಾಯದ ಡಬ್ಬಿ ತುಂಬಲು 500 ಸೇರಿಸಿ. ತೂಕ 55 ಕೆಜಿ, ಹಿಮೋಗ್ಲೋಬಿನ್ 8, ಗುರಿ 15 ಅಂದರೆ 55 ಗುಣಿಸು 7 ಗುಣಿಸು 2.4, ಅಂದರೆ 924. ಅದಕ್ಕೆ 500 ಸೇರಿದರೆ 1,424 ಮಿಲಿಗ್ರಾಂ. ಬಸುರಿಯರಿಗೆ, ತೂಕ ತುಂಬಾ ಜಾಸ್ತಿ ಇರುವವರಿಗೆ ಲೆಕ್ಕ ಸ್ವಲ್ಪ ಬದಲಾಗುತ್ತದೆ. ಅದನ್ನು ಡಾಕ್ಟರೇ ನೋಡಿಕೊಳ್ಳುತ್ತಾರೆ. ಈ 1,400 ಅನ್ನುವುದನ್ನು ಮಾತ್ರ ನೆನಪಿಟ್ಟುಕೊಳ್ಳಿ. ಮುಂದೆ ಪ್ರತಿ ಆಯ್ಕೆಯನ್ನೂ ಇದರ ಪಕ್ಕದಲ್ಲಿಟ್ಟು ನೋಡೋಣ.

ಅದಕ್ಕೂ ಮುಂಚೆ ಎರಡು ಮಾತು. ಹಿಮೋಗ್ಲೋಬಿನ್ ಕಡಿಮೆ ಇದ್ದ ಮಾತ್ರಕ್ಕೆ ಕಬ್ಬಿಣದ ಕೊರತೆ ಅಂತ ಆಗುವುದಿಲ್ಲ. ಥಲಸೇಮಿಯಾ ಮೈನರ್ (ಅಪ್ಪನಿಂದಲೋ ಅಮ್ಮನಿಂದಲೋ ಬರುವ ರಕ್ತದ ದೋಷ) ಇರುವವರಲ್ಲೂ ಕೆಂಪು ಕಣ ಚಿಕ್ಕದಾಗಿರುತ್ತದೆ, ಹಿಮೋಗ್ಲೋಬಿನ್ ಕೊಂಚ ಇಳಿದಿರುತ್ತದೆ. ಕಬ್ಬಿಣ ಮಾತ್ರ ಬೇಕಾದಷ್ಟು ಇರುತ್ತದೆ. ಹೆಚ್ಚಾದ ಕಬ್ಬಿಣವನ್ನು ಹೊರಗೆ ಹಾಕುವ ದಾರಿ ದೇಹಕ್ಕೆ ಇಲ್ಲ. ಅಂಥವರಿಗೆ ಸುಮ್ನೆ ಡ್ರಿಪ್ ಏರಿಸಿದರೆ ತೊಂದರೆಯೇ. ಹಾಗಾಗಿ ಫೆರಿಟಿನ್ ನೋಡದೆ ಡ್ರಿಪ್ ಬೇಡ. ವಿಶ್ವ ಆರೋಗ್ಯ ಸಂಸ್ಥೆ ಆರೋಗ್ಯವಂತ ದೊಡ್ಡವರಲ್ಲಿ 15ಕ್ಕಿಂತ ಕಡಿಮೆ ಇದ್ದರೆ ಕೊರತೆ ಅನ್ನುತ್ತದೆ. ಹಲವು ಡಾಕ್ಟರುಗಳು 30ರ ಗೆರೆ ಹಾಕಿಕೊಂಡಿದ್ದಾರೆ. ಮೈಯಲ್ಲಿ ಸೋಂಕೋ ಉರಿಯೂತವೋ ಇದ್ದರೆ ಫೆರಿಟಿನ್ ಸುಳ್ಳೇ ಮೇಲೆ ತೋರಿಸುತ್ತದೆ. ಆಗ ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್, ಅಂದರೆ ರಕ್ತದಲ್ಲಿ ಕಬ್ಬಿಣ ಹೊರುವ ಪ್ರೋಟೀನಿನಲ್ಲಿ ಎಷ್ಟು ಪಾಲು ತುಂಬಿದೆ ಅನ್ನುವುದನ್ನೂ ನೋಡಬೇಕು. ಅದು ಶೇ. 20ಕ್ಕಿಂತ ಕೆಳಗಿದ್ದರೆ ಅನುಮಾನ ಗಟ್ಟಿಯಾಗುತ್ತದೆ.

ಎರಡನೇ ಮಾತು, ಕಬ್ಬಿಣ ಹೋಗುತ್ತಿರುವುದು ಎಲ್ಲಿ? ತೂತು ಕೊಡಕ್ಕೆ ಎಷ್ಟು ನೀರು ಸುರಿದರೇನು. ಗಂಡಸರಲ್ಲಿ, ಮುಟ್ಟು ನಿಂತ ಹೆಂಗಸರಲ್ಲಿ ಕೊರತೆ ಕಂಡರೆ ಹೊಟ್ಟೆ ಮತ್ತು ಕರುಳಿನ ಪರೀಕ್ಷೆಯನ್ನು ಮುಂದೂಡಬಾರದು.

ಯಾವುದರ ಮೇಲೆ ತೂಗಬೇಕು

ನಾನು ತೂಗಿದ್ದು ಐದು ವಿಷಯಗಳ ಮೇಲೆ. ಎಷ್ಟು ಬೇಗ ಬೇಕು? ಹೊಟ್ಟೆ ಮಾತ್ರೆಯನ್ನು ತಡೆದುಕೊಳ್ಳುತ್ತದಾ, ಹೀರಿಕೊಳ್ಳುತ್ತದಾ? ಕ್ಲಿನಿಕ್‌ಗೆ ಎಷ್ಟು ಸಲ ಓಡಾಡಬಲ್ಲೆ? ಒಟ್ಟು ಖರ್ಚು ಎಷ್ಟು? ಏನಾದರೂ ಎಡವಟ್ಟಾದರೆ ಅಲ್ಲಿ ನೋಡಿಕೊಳ್ಳುವವರು ಇದ್ದಾರಾ?

ಖರ್ಚಿನಲ್ಲಿ ಜನ ಎಡವುತ್ತಾರೆ. ಬಾಟಲಿಯ ಬೆಲೆಯನ್ನಷ್ಟೇ ನೋಡುತ್ತಾರೆ. ಐದು ಸಲದ ಕ್ಲಿನಿಕ್ ಫೀಸು, ಐದು ಕ್ಯಾನುಲಾ (ರಕ್ತನಾಳಕ್ಕೆ ಹಾಕುವ ಕೊಳವೆ), ಐದು ಅರ್ಧ ದಿನದ ರಜೆ, ಓಡಾಟ, ಮಗುವನ್ನು ನೋಡಿಕೊಳ್ಳಲು ಇನ್ನೊಬ್ಬರು, ಇಷ್ಟನ್ನೂ ಕೂಡಿಸಿದರೆ ಅಗ್ಗದ ಬಾಟಲಿ ಎಷ್ಟೋ ಸಲ ದುಬಾರಿಯಾಗುತ್ತದೆ. ಕ್ಲಿನಿಕ್ ಮನೆಯಿಂದ ನಾಲ್ಕು ಹೆಜ್ಜೆ ದೂರದಲ್ಲಿದ್ದು, ಸೂಜಿ ಹಾಕಲು ಬೇರೆ ಫೀಸು ಇಲ್ಲದಿದ್ದರೆ ಲೆಕ್ಕ ಉಲ್ಟಾ.

ಮಾತ್ರೆ: ಬಿಟ್ಟು ಓಡುವ ಮುಂಚೆ

ಮಾತ್ರೆಯನ್ನು ಬಹಳ ಜನ ತಪ್ಪಾಗಿ ತಗೊಂಡು, ಕೆಲಸ ಮಾಡಲಿಲ್ಲ ಅಂತ ಬಿಡುತ್ತಾರೆ. ನಾನೂ ಅದೇ ಮಾಡಿದ್ದೆ. ದಿನಕ್ಕೆ ಮೂರು ನುಂಗಿ, ಹೊಟ್ಟೆ ಕಟ್ಟಿಕೊಂಡು, ಎರಡನೇ ವಾರಕ್ಕೆ ಡಬ್ಬಿಯನ್ನು ಕಪಾಟಿನ ಹಿಂದೆ ತಳ್ಳಿದ್ದೆ.

ವಿಷಯ ಏನೆಂದರೆ, ಒಂದು ಮಾತ್ರೆ ಒಳಗೆ ಹೋದ ಕೂಡಲೇ ಲಿವರ್‌ನಿಂದ ಹೆಪ್ಸಿಡಿನ್ ಅನ್ನುವ ಹಾರ್ಮೋನು ಜಾಸ್ತಿಯಾಗುತ್ತದೆ. ಅದು ಕರುಳಿನ ಬಾಗಿಲು ಹಾಕುತ್ತದೆ. ಮಾರನೇ ದಿನದವರೆಗೂ ಆ ಬಾಗಿಲು ಸರಿಯಾಗಿ ತೆರೆಯುವುದಿಲ್ಲ. ಅದಕ್ಕೇ ಈಗ ಹಲವು ಡಾಕ್ಟರುಗಳು ದಿನಕ್ಕೆ ಒಂದು, ಇಲ್ಲವೇ ದಿನ ಬಿಟ್ಟು ದಿನ ಒಂದು ಅನ್ನುತ್ತಾರೆ. ಹೀರಿಕೊಳ್ಳುವ ಪಾಲು ಹೆಚ್ಚು, ಹೊಟ್ಟೆಯ ಗಲಾಟೆ ಕಡಿಮೆ. ಟೀ, ಕಾಫಿ, ಹಾಲು, ಕ್ಯಾಲ್ಸಿಯಂ ಮಾತ್ರೆ ಇವುಗಳ ಜೊತೆ ನುಂಗಬೇಡಿ. ಥೈರಾಯ್ಡ್ ಮಾತ್ರೆ ತಗೊಳ್ಳುವವರು ನಡುವೆ ನಾಲ್ಕು ಗಂಟೆ ಬಿಡಬೇಕು. ಗ್ಯಾಸ್ಟ್ರಿಕ್ ಮಾತ್ರೆ ದಿನವೂ ತಗೊಳ್ಳುತ್ತಿದ್ದರೆ ಡಾಕ್ಟರಿಗೆ ಹೇಳಿ, ಅದೂ ಹೀರುವಿಕೆಯನ್ನು ತಗ್ಗಿಸುತ್ತದೆ. ಮಲ ಕಪ್ಪಾದರೆ ಗಾಬರಿ ಬೇಡ, ಅದು ಮಾತ್ರೆಯ ಬಣ್ಣ.

ಇನ್ನು ಡಬ್ಬಿಯ ಮೇಲಿನ ಸಂಖ್ಯೆ. ಒಣಗಿಸಿದ ಫೆರಸ್ ಸಲ್ಫೇಟ್‌ನ 200 ಮಿಲಿಗ್ರಾಂ ಮಾತ್ರೆಯಲ್ಲಿ ನಿಜವಾದ ಕಬ್ಬಿಣ ಸುಮಾರು 65 ಮಿಲಿಗ್ರಾಂ. 300 ಮಿಲಿಗ್ರಾಂ ಫೆರಸ್ ಗ್ಲುಕೊನೇಟ್‌ನಲ್ಲಿ 35ರ ಆಸುಪಾಸು. ಹೋಲಿಸುವಾಗ ದೊಡ್ಡ ಅಕ್ಷರ ಬಿಟ್ಟು ಈ ಒಳಗಿನ ಅಂಕಿ ನೋಡಿ.

65 ಮಿಲಿಗ್ರಾಂನಲ್ಲಿ ರಕ್ತಕ್ಕೆ ಸೇರುವುದು ಸಾಮಾನ್ಯವಾಗಿ ಹತ್ತರಲ್ಲಿ ಒಂದೆರಡು ಪಾಲು. ಅಂದರೆ ನಮ್ಮ 1,400 ತುಂಬಲು ನೂರಕ್ಕೂ ಮೇಲೆ ಮಾತ್ರೆ ಬೇಕು. ಇದು ತಿಂಗಳುಗಳ ಕೆಲಸ. ಹಿಮೋಗ್ಲೋಬಿನ್ ಸರಿಯಾದ ಮೇಲೂ ಮೂರು ತಿಂಗಳು ಮುಂದುವರಿಸಿ ಅನ್ನುವುದು ಅದಕ್ಕೇ. ಆದರೆ ಸಾಲ ಚಿಕ್ಕದಿದ್ದು, ಕಾಲ ಇದ್ದು, ಹೊಟ್ಟೆ ಒಪ್ಪಿದರೆ ಇದಕ್ಕಿಂತ ಅಗ್ಗದ, ಇದಕ್ಕಿಂತ ಕಡಿಮೆ ಅಪಾಯದ ದಾರಿ ಇಲ್ಲ. ಎರಡು-ನಾಲ್ಕು ವಾರ ಸರಿಯಾಗಿ ನುಂಗಿ ಮತ್ತೆ ರಕ್ತ ನೋಡಿಸಿ. ಹಿಮೋಗ್ಲೋಬಿನ್ ಒಂದಾದರೂ ಏರಿದ್ದರೆ ಮಾತ್ರೆ ಕೆಲಸ ಮಾಡುತ್ತಿದೆ ಅಂತ ಅರ್ಥ. ಡ್ರಿಪ್‌ಗೆ ಅವಸರ ಬೇಡ.

ಕೆಲವರಿಗೆ ಮಾತ್ರೆ ಸರಿಹೋಗುವುದೇ ಇಲ್ಲ. ಹೊಟ್ಟೆಯ ಬೈಪಾಸ್ ಆಪರೇಷನ್ ಆದವರು, ಸೀಲಿಯಾಕ್ (ಗೋಧಿಯ ಗ್ಲುಟೆನ್‌ನಿಂದ ಕರುಳು ಕೆಡುವ ಕಾಯಿಲೆ) ಅಥವಾ ಕರುಳಿನ ಉರಿಯೂತದ ಕಾಯಿಲೆ ಇರುವವರು, ಡಯಾಲಿಸಿಸ್ ಮಾಡಿಸಿಕೊಳ್ಳುವವರು, ಮಾತ್ರೆಯಿಂದ ಸೇರುವುದಕ್ಕಿಂತ ಹೆಚ್ಚು ರಕ್ತ ತಿಂಗಳು ತಿಂಗಳೂ ಕಳೆದುಕೊಳ್ಳುವವರು, ಹೆರಿಗೆಗೋ ಆಪರೇಷನ್‌ಗೋ ಕೆಲವೇ ವಾರ ಉಳಿದವರು. ಇವರು ಮಾತ್ರೆಯಲ್ಲಿ ದಿನ ಕಳೆಯುವುದು ನನಗೆ ಸರಿ ಕಾಣುವುದಿಲ್ಲ.

ಸೊಂಟದ ಇಂಜೆಕ್ಷನ್, ರಕ್ತ ಏರಿಸುವುದು

ಇವೆರಡನ್ನು ಬೇಗ ಮುಗಿಸೋಣ. ಸೊಂಟಕ್ಕೆ ಚುಚ್ಚುವ ಐರನ್ ಇಂಜೆಕ್ಷನ್ ನೋಯುತ್ತದೆ, ಚರ್ಮಕ್ಕೆ ಕಲೆ ಹಾಕುತ್ತದೆ, ಡ್ರಿಪ್‌ಗಿಂತ ಸುರಕ್ಷಿತವೂ ಅಲ್ಲ. ಬೇರೆ ದಾರಿ ಇದ್ದರೆ ಇದರ ಸಹವಾಸ ಬೇಡ. ರಕ್ತ ಏರಿಸುವುದು ಉಸಿರು ಸಿಕ್ಕಿಕೊಂಡಾಗ, ಎದೆ ನೋವಿದ್ದಾಗ, ಹಿಮೋಗ್ಲೋಬಿನ್ 7ಕ್ಕಿಂತ ಕೆಳಗೆ ಹೋದಾಗ ನೋಡುವ ಮಾತು. ಒಂದು ಬಾಟಲಿ ರಕ್ತ ಹಿಮೋಗ್ಲೋಬಿನ್ ಅನ್ನು ಸುಮಾರು 1 ಏರಿಸುತ್ತದೆ. ಅದರಲ್ಲಿರುವ ಕಬ್ಬಿಣ 200-250 ಮಿಲಿಗ್ರಾಂ. ಸಾಲ 1,400 ಇದ್ದರೆ ಅದು ಮೂಲೆಗೂ ಸಾಲದು. ರಕ್ತ ಏರಿಸಿದ ಮೇಲೂ ಕಬ್ಬಿಣ ಬೇಕೇ ಬೇಕು.

ಡ್ರಿಪ್‌ಗಳು: ಐದು ಸಲವೋ, ಒಂದು ಸಲವೋ

ಕ್ಲಿನಿಕ್‌ಗಳಲ್ಲಿ ಹೆಚ್ಚು ಕಾಣುವುದು ಐರನ್ ಸುಕ್ರೋಸ್, ವೆನೋಫರ್ ಅಂತಲೂ ಬರುತ್ತದೆ. ಬಹಳ ಕಾಲದಿಂದ ಬಳಕೆಯಲ್ಲಿದೆ. ಒಂದು ಸಲಕ್ಕೆ ಸಾಮಾನ್ಯವಾಗಿ 200 ಮಿಲಿಗ್ರಾಂ, ವಾರಕ್ಕೆ ಹೆಚ್ಚೆಂದರೆ ಮೂರು ಸಲ. 1,400ಕ್ಕೆ ಏಳು ಸಲ ಹೋಗಬೇಕು. "ಐದು ಸಲ" ಅನ್ನುವುದು 1,000ದ ಲೆಕ್ಕ. ಪ್ರತಿ ಸಲದ ಡೋಸ್ ಚಿಕ್ಕದು, ಬಾಟಲಿ ಅಗ್ಗ, ರಕ್ತದ ಫಾಸ್ಫೇಟ್ (ಮೂಳೆಗೆ ಬೇಕಾದ ಖನಿಜ) ಇಳಿಸುವ ತಾಪತ್ರಯ ಕಡಿಮೆ. ಡಯಾಲಿಸಿಸ್‌ಗೆ ಹೇಗೂ ವಾರಕ್ಕೆ ಮೂರು ಸಲ ಹೋಗುವವರಿಗೆ ಇದು ಹೇಳಿ ಮಾಡಿಸಿದ ಹಾಗಿದೆ. ತೊಂದರೆ ಎಂದರೆ ಜನ ನಡುವೆ ಬಿಟ್ಟುಬಿಡುತ್ತಾರೆ. ಮೂರನೇ ಸಲಕ್ಕೆ ಸ್ವಲ್ಪ ಚೈತನ್ಯ ಬಂದಂತೆ ಅನ್ನಿಸುತ್ತದೆ, ನಾಲ್ಕನೆಯದಕ್ಕೆ ಹೋಗುವುದಿಲ್ಲ. ಸಾಲ ಅರ್ಧಕ್ಕೇ ನಿಲ್ಲುತ್ತದೆ. ರಕ್ತನಾಳ ಸಿಗುವುದೇ ಕಷ್ಟ ಇರುವವರಿಗೆ ಏಳು ಸಲದ ಸೂಜಿ ಅಂದರೆ ಏಳು ಸಲದ ಹುಡುಕಾಟ.

ಫೆರಿಕ್ ಕಾರ್ಬಾಕ್ಸಿಮಾಲ್ಟೋಸ್, ಅಂದರೆ ಫೆರಿಂಜೆಕ್ಟ್. ಒಂದೇ ಸಲಕ್ಕೆ 1,000 ಮಿಲಿಗ್ರಾಂವರೆಗೆ ಹಾಕಬಹುದು. ಕೆಜಿಗೆ 20 ಮಿಲಿಗ್ರಾಂ ಮೀರುವಂತಿಲ್ಲ, ವಾರಕ್ಕೆ 1,000 ಮೀರುವಂತಿಲ್ಲ. ಹದಿನೈದು ನಿಮಿಷದ ಕೆಲಸ. ಅಮೆರಿಕದಲ್ಲಿ 750ರ ಎರಡು ಡೋಸ್‌ಗಳನ್ನು ವಾರದ ಅಂತರದಲ್ಲಿ ಕೊಡುವುದು ಹೆಚ್ಚು ರೂಢಿ. ಹಾಗಾಗಿ "ಒಂದೇ ಸಲ" ಅಂತ ಹೇಳಿದರೂ 1,400ರ ಸಾಲಕ್ಕೆ ಎರಡು ಸಲ ಬೇಕು. ಮೊದಲೇ ಕೇಳಿ, ಎರಡನೆಯದನ್ನು ಲೆಕ್ಕಕ್ಕೆ ಸೇರಿಸಿದ್ದಾರಾ ಅಂತ.

ಇದರದ್ದೇ ಒಂದು ಗುಟ್ಟು ಇದೆ. ಇದನ್ನು ತಗೊಂಡ ಕೆಲವರಲ್ಲಿ ಮೂತ್ರಪಿಂಡ ಫಾಸ್ಫೇಟನ್ನು ಹೊರಗೆ ಬಿಡತೊಡಗುತ್ತದೆ. 2020ರಲ್ಲಿ ಪ್ರಕಟವಾದ ಎರಡು ಪರೀಕ್ಷೆಗಳಲ್ಲಿ ಇದನ್ನು ಡೆರಿಸೊಮಾಲ್ಟೋಸ್ ಅನ್ನುವ, ಮುಂದೆ ಬರುವ ಇನ್ನೊಂದು ಡ್ರಿಪ್ ಜೊತೆ ಹೋಲಿಸಿದ್ದರು. ಫಾಸ್ಫೇಟ್ ಇಳಿದದ್ದು ಇದನ್ನು ತಗೊಂಡ 100 ಜನರಲ್ಲಿ ಸುಮಾರು 74 ಜನರಿಗೆ, ಡೆರಿಸೊಮಾಲ್ಟೋಸ್ ತಗೊಂಡ 100ರಲ್ಲಿ ಸುಮಾರು 8 ಜನರಿಗೆ. ಹೆಚ್ಚಿನವರಲ್ಲಿ ಅದು ತಾನಾಗಿಯೇ ಸರಿಹೋಗುತ್ತದೆ, ಗೊತ್ತೂ ಆಗುವುದಿಲ್ಲ. ಆದರೆ ವರ್ಷದಲ್ಲಿ ಮತ್ತೆ ಮತ್ತೆ ಹಾಕಿಸಿಕೊಳ್ಳುವವರಲ್ಲಿ ಮೂಳೆ ನೋವು, ಮೂಳೆ ಮೆತ್ತಗಾಗುವುದು ಕಂಡಿದೆ. ಪೇಚಿನ ಸಂಗತಿ ಏನೆಂದರೆ ಫಾಸ್ಫೇಟ್ ಇಳಿದಾಗಲೂ ಸುಸ್ತೇ ಕಾಣುವುದು. ಡ್ರಿಪ್ ಆಗಿ ಎರಡು ವಾರಕ್ಕೆ ಸುಸ್ತು ಇನ್ನೂ ಹೆಚ್ಚಾದರೆ "ಕಬ್ಬಿಣ ಸಾಲಲಿಲ್ಲ" ಅಂತ ಮತ್ತೊಂದು ಡೋಸ್ ಹಾಕಿಸಬೇಡಿ. ಫಾಸ್ಫೇಟ್ ನೋಡಿಸಿ.

ಫೆರಿಕ್ ಡೆರಿಸೊಮಾಲ್ಟೋಸ್ ಅಥವಾ ಮೊನೊಫರ್. ಇದೂ ದೊಡ್ಡ ಡೋಸ್‌ನದ್ದೇ. ಯುರೋಪಿನ ನಿಯಮದಲ್ಲಿ ಕೆಜಿಗೆ 20 ಮಿಲಿಗ್ರಾಂ ಲೆಕ್ಕ, 1,000ದ ಮಿತಿ ಇಲ್ಲ. 1,000 ಮೀರಿದರೆ ಅರ್ಧ ಗಂಟೆಗಿಂತ ನಿಧಾನವಾಗಿ ಬಿಡಬೇಕು. 70 ಕೆಜಿಯವರಿಗೆ 1,400 ಒಂದೇ ಸಲಕ್ಕೆ ಮುಗಿಯುತ್ತದೆ. ನಮ್ಮ 55 ಕೆಜಿಯವರಿಗೆ ಮಿತಿ 1,100, ಉಳಿದದ್ದಕ್ಕೆ ಇನ್ನೊಂದು ಸಲ ಹೋಗಲೇಬೇಕು. ಅಮೆರಿಕದಲ್ಲಿ 2020ರಿಂದ 1,000ದ ಒಂದು ಡೋಸ್‌ಗೆ ಒಪ್ಪಿಗೆ ಇದೆ. ಪದೇ ಪದೇ ಡ್ರಿಪ್ ಬೇಕಾಗುವವರಿಗೆ, ಮೂಳೆ ಮೊದಲೇ ದುರ್ಬಲ ಇರುವವರಿಗೆ ನಾನು ನೋಡಿದ ಮಟ್ಟಿಗೆ ಇದೇ ಮೇಲು. ಎಲ್ಲ ಕಡೆ ಸಿಗುವುದಿಲ್ಲ, ಸಿಕ್ಕಲ್ಲಿ ಬಾಟಲಿ ಅಗ್ಗವೂ ಅಲ್ಲ.

ಹಳೆಯ ಐರನ್ ಡೆಕ್ಸ್‌ಟ್ರಾನ್ ಹೆಸರು ಕೇಳಿದರೆ ಹಿರಿಯ ನರ್ಸ್‌ಗಳ ಮುಖ ಗಂಭೀರವಾಗುತ್ತದೆ. ಡ್ರಿಪ್ ಅಂದರೆ ಅಲರ್ಜಿ ಅನ್ನುವ ಹೆಸರು ಬಂದದ್ದು ಹೆಚ್ಚಾಗಿ ದೊಡ್ಡ ಅಣುವಿನ ಡೆಕ್ಸ್‌ಟ್ರಾನ್‌ನಿಂದ. ಅದು ಈಗ ಬಳಕೆಯಲ್ಲಿಲ್ಲ. ಚಿಕ್ಕ ಅಣುವಿನದು ಅದಕ್ಕಿಂತ ಎಷ್ಟೋ ವಾಸಿ. ಮೊದಲು 25 ಮಿಲಿಗ್ರಾಂ ಕೊಟ್ಟು ನೋಡಿ, ಏನೂ ಆಗದಿದ್ದರೆ ಉಳಿದದ್ದನ್ನು ಬಿಡುತ್ತಾರೆ. ಹಲವು ಕಡೆ 1,000 ಮಿಲಿಗ್ರಾಂ ಅನ್ನು ಸುಮಾರು ಒಂದು ಗಂಟೆಯಲ್ಲಿ ಮುಗಿಸುತ್ತಾರೆ. ದೊಡ್ಡ ಡೋಸ್ ಬೇಕು, ದುಡ್ಡು ಬಿಗಿ ಇದೆ ಅನ್ನುವವರಿಗೆ ಅನುಭವ ಇರುವ ಕೈಯಲ್ಲಿ ಇದು ತಳ್ಳಿಹಾಕುವ ಆಯ್ಕೆಯೇನೂ ಅಲ್ಲ.

ಫೆರುಮಾಕ್ಸಿಟಾಲ್ ಅನ್ನುವ ಇನ್ನೊಂದು ಡ್ರಿಪ್ ಇದೆ, 510 ಮಿಲಿಗ್ರಾಂನ ಎರಡು ಡೋಸ್. ಇದನ್ನು ತಗೊಂಡರೆ ಮೂರು ತಿಂಗಳವರೆಗೂ ಎಂಆರ್‌ಐ ಚಿತ್ರ ಬದಲಾಗಬಹುದು. ಸ್ಕ್ಯಾನ್ ಮಾಡಿಸುವುದಿದ್ದರೆ ಮೊದಲೇ ಹೇಳಬೇಕು.

ಯಾವುದೇ ಡ್ರಿಪ್ ಆಗಲಿ, ಹಾಕಿದ ಮಾರನೇ ದಿನವೇ ಚೈತನ್ಯ ಉಕ್ಕುವುದಿಲ್ಲ. ಕಬ್ಬಿಣ ಸಿಕ್ಕ ಮೇಲೆ ಮೂಳೆಯೊಳಗಿನ ಮಜ್ಜೆ ಕೂತು ಹೊಸ ಕಣ ತಯಾರಿಸಬೇಕು. ಹಿಮೋಗ್ಲೋಬಿನ್ ಸರಿಯಾಗಿ ಏರಲು ಎರಡರಿಂದ ನಾಲ್ಕು ವಾರ ಬೇಕು. ಮುಂದಿನ ಶನಿವಾರದ ಮದುವೆಗೆ ಚೆನ್ನಾಗಿರಬೇಕು ಅಂತ ಈ ಶನಿವಾರ ಹಾಕಿಸಿಕೊಂಡರೆ ನಿರಾಸೆಯೇ.

ಎಲ್ಲಿ ಹಾಕಿಸುವುದು

ಔಷಧಿಗಿಂತ ಜಾಗ ಮುಖ್ಯ ಅಂತ ನನ್ನ ಹಟ. ಯುರೋಪಿನ ಔಷಧ ಸಂಸ್ಥೆ 2013ರಲ್ಲೇ ಹೇಳಿದೆ: ಅಲರ್ಜಿ ನೋಡಿಕೊಳ್ಳಲು ತರಬೇತಿ ಇರುವ ಜನ, ಜೀವ ಉಳಿಸುವ ಸಾಮಾನು ಕೈಗೆ ಎಟುಕುವ ಹಾಗಿರುವ ಕಡೆ ಮಾತ್ರ ಐರನ್ ಡ್ರಿಪ್ ಹಾಕಬೇಕು, ಆದ ಮೇಲೆ ಕನಿಷ್ಠ 30 ನಿಮಿಷ ಕೂರಿಸಿ ನೋಡಬೇಕು. ತೀವ್ರ ಅಲರ್ಜಿ ಅಪರೂಪ. ಆದರೆ ಆದಾಗ ನಿಮಿಷಗಳ ಲೆಕ್ಕ.

ಹಾಗಾಗಿ ಕ್ಲಿನಿಕ್‌ಗೆ ಫೋನ್ ಮಾಡಿ ಕೇಳಿಬಿಡಿ. ಡ್ರಿಪ್ ನಡೆಯುವಾಗ ಡಾಕ್ಟರು ಕಟ್ಟಡದೊಳಗೇ ಇರುತ್ತಾರಾ? ಅಡ್ರಿನಲಿನ್, ಆಕ್ಸಿಜನ್ ಇದೆಯಾ? ಬಿಪಿ ನೋಡುತ್ತಾರಾ? ಆದ ಮೇಲೆ ಎಷ್ಟು ಹೊತ್ತು ಕೂರಿಸುತ್ತಾರೆ? ಉತ್ತರ ತಡವರಿಸಿದರೆ ಬೇರೆ ಕಡೆ ನೋಡಿ. ಗುಣಮಟ್ಟದ ಕ್ಲಿನಿಕ್ ಸಿಕ್ಕರೆ ಆಸ್ಪತ್ರೆಗಿಂತ ಬೇಗ ಮುಗಿಯುತ್ತದೆ, ಖರ್ಚೂ ಸಾಮಾನ್ಯವಾಗಿ ಕಡಿಮೆ. ಆದರೆ ಆಸ್ತಮಾ ಜೋರಾಗಿ ಇರುವವರು, ಔಷಧಿಗಳಿಗೆ ಅಲರ್ಜಿ ಆದವರು, ಮೊದಲು ಐರನ್ ಡ್ರಿಪ್‌ನಲ್ಲೇ ತೊಂದರೆ ಪಟ್ಟವರು ಆಸ್ಪತ್ರೆಯಲ್ಲೇ ಹಾಕಿಸಿಕೊಳ್ಳಲಿ. ಚರ್ಮ ಹೊಳೆಯಲಿ ಅಂತ ವಿಟಮಿನ್ ಡ್ರಿಪ್ ಮಾರುವ ಅಂಗಡಿಗಳಲ್ಲಿ, ಮನೆಗೆ ಬಂದು ಏರಿಸುವವರ ಕೈಯಲ್ಲಿ ಕಬ್ಬಿಣ ಬೇಡವೇ ಬೇಡ.

ಕೆಲವರಿಗೆ ಡ್ರಿಪ್ ಶುರುವಾದ ಸ್ವಲ್ಪ ಹೊತ್ತಿಗೆ ಮುಖ ಕೆಂಪಾಗಿ, ಎದೆ ಬಿಗಿದು, ಬೆನ್ನು ನೋಯುತ್ತದೆ. ಬಿಪಿ ಬೀಳುವುದಿಲ್ಲ, ಉಬ್ಬಸ ಇರುವುದಿಲ್ಲ. ಇದು ಫಿಶ್‌ಬೇನ್ ಪ್ರತಿಕ್ರಿಯೆ. ಡ್ರಿಪ್ ನಿಲ್ಲಿಸಿದರೆ ನಿಮಿಷಗಳಲ್ಲಿ ಇಳಿಯುತ್ತದೆ, ಆಮೇಲೆ ನಿಧಾನವಾಗಿ ಮತ್ತೆ ಶುರು ಮಾಡಬಹುದು. ಇದನ್ನೇ ಅಲರ್ಜಿ ಅಂದುಕೊಂಡು ಜೀವನಪೂರ್ತಿ ಡ್ರಿಪ್ ಬೇಡ ಅಂದವರಿದ್ದಾರೆ. ಇದು ಗೊತ್ತಿರುವ ನರ್ಸ್ ಸಿಗುವುದು ಭಾಗ್ಯ.

ಇನ್ನೊಂದು ವಿಷಯ, ಚರ್ಮದ ಕಲೆ. ಸೂಜಿ ಜಾರಿ ಔಷಧಿ ಚರ್ಮದಡಿ ಸೋರಿದರೆ ಕಂದು ಕಲೆ ನಿಲ್ಲುತ್ತದೆ, ಕೆಲವೊಮ್ಮೆ ಹೋಗುವುದೇ ಇಲ್ಲ. ನನ್ನ ಮೊದಲ ಸರಣಿಯಲ್ಲಿ ಕೈ ಉರಿಯುತ್ತಿದೆ ಅಂತ ಹೇಳಲು ಸಂಕೋಚಪಟ್ಟೆ. ನರ್ಸ್ ಫೋನಿನಲ್ಲಿದ್ದರು, ನಾನೂ ಸುಮ್ಮನಿದ್ದೆ. ಮೊಣಕೈ ಹತ್ತಿರ ನಾಣ್ಯದಷ್ಟು ಕಲೆ ಈಗಲೂ ಇದೆ. ಉರಿದರೆ, ಊದಿದರೆ ಕೂಗಿ ಹೇಳಿ.

ಹಾಗಾದರೆ ಯಾರಿಗೆ ಯಾವುದು

ಹಿಮೋಗ್ಲೋಬಿನ್ 10-11, ಅವಸರ ಇಲ್ಲ, ಹೊಟ್ಟೆ ಗಟ್ಟಿ: ಮಾತ್ರೆ. ಇದರಲ್ಲಿ ಯೋಚಿಸುವುದೇನಿಲ್ಲ.

ಬಸುರಿಯರಿಗೆ ಮೊದಲ ಮೂರು ತಿಂಗಳು ಡ್ರಿಪ್ ಕೊಡುವುದಿಲ್ಲ. ಆಮೇಲೆ ಹೆರಿಗೆಗೆ ಎಷ್ಟು ವಾರ ಇದೆ ಅನ್ನುವುದೇ ತೀರ್ಮಾನ. ಹದಿನೈದು ವಾರ ಇದ್ದರೆ ಮಾತ್ರೆಗೆ ಒಂದು ಅವಕಾಶ ಕೊಡಬಹುದು. ಐದು ವಾರ ಉಳಿದಿದ್ದರೆ ದೊಡ್ಡ ಡೋಸ್‌ನ ಡ್ರಿಪ್ ಬಗ್ಗೆ ಡಾಕ್ಟರ ಜೊತೆ ಈಗಲೇ ಮಾತಾಡಿ. ಸಣ್ಣ ಡೋಸ್‌ಗಳ ಸರಣಿ ಮುಗಿಯುವುದರಲ್ಲೇ ಎರಡು-ಮೂರು ವಾರ ಹೋಗುತ್ತದೆ.

ತಿಂಗಳು ತಿಂಗಳು ವಿಪರೀತ ರಕ್ತ ಹೋಗುವವರ ಪಾಡು ಬೇರೆ. ಅವರಿಗೆ ಈ ವರ್ಷ ಒಂದು ಡ್ರಿಪ್, ಮುಂದಿನ ವರ್ಷ ಇನ್ನೊಂದು ಬೇಕಾಗಬಹುದು. ಡೆರಿಸೊಮಾಲ್ಟೋಸ್ ಸಿಕ್ಕರೆ ಅದು, ಸಿಗದಿದ್ದರೆ ಸುಕ್ರೋಸ್‌ನ ಪೂರ್ತಿ ಸರಣಿ. ಕಾರ್ಬಾಕ್ಸಿಮಾಲ್ಟೋಸ್ ಮಾತ್ರ ಸಿಗುವುದಾದರೆ ಫಾಸ್ಫೇಟ್ ಮೇಲೆ ಕಣ್ಣಿಡುವ ಮಾತು ಆಡಿಕೊಂಡೇ ಹಾಕಿಸಿ. ಜೊತೆಗೆ ಸ್ತ್ರೀರೋಗ ತಜ್ಞರ ಬಳಿ ರಕ್ತ ಹೋಗುವುದನ್ನು ತಡೆಯುವ ಕೆಲಸವೂ ನಡೆಯಬೇಕು.

ದುಡ್ಡು ಬಿಗಿ, ಕ್ಲಿನಿಕ್ ಹತ್ತಿರ, ಸಮಯ ಇದೆ: ಸುಕ್ರೋಸ್. ದೂರದಿಂದ ಬರುವವರು, ದಿನಗೂಲಿ ಬಿಟ್ಟು ಬರಬೇಕಾದವರು: ಬಾಟಲಿಗೆ ಹೆಚ್ಚು ಕೊಟ್ಟರೂ ದೊಡ್ಡ ಡೋಸ್. ಜ್ವರ, ಸೋಂಕು ಇದ್ದರೆ ಯಾರಿಗೇ ಆಗಲಿ ವಾಸಿಯಾಗುವ ತನಕ ಮುಂದೂಡಬೇಕು.

ಹಾಕಿಸಿಕೊಂಡ ಮೇಲೆ ಒಂದೆರಡು ದಿನ ತಲೆನೋವು, ಮೈಕೈ ನೋವು, ಸಣ್ಣ ಜ್ವರ ಬರಬಹುದು. ಅದು ಇಳಿಯುತ್ತದೆ. ಉಸಿರಾಟ ಕಷ್ಟವಾದರೆ, ಮೈಯೆಲ್ಲ ದದ್ದು ಎದ್ದರೆ ಕಾಯಬಾರದು. ಕನಿಷ್ಠ ಐದು ದಿನ ಐರನ್ ಮಾತ್ರೆ ನುಂಗಬೇಡಿ. ಫೆರಿಟಿನ್ ಪರೀಕ್ಷೆಗೆ ಕನಿಷ್ಠ ನಾಲ್ಕು ವಾರ ತಡೆಯಿರಿ. ಅದಕ್ಕೂ ಮೊದಲು ನೋಡಿಸಿದರೆ ಆಕಾಶಕ್ಕೆ ಏರಿದ ಅಂಕಿ ಕಂಡು ಸುಮ್ನೆ ಗಾಬರಿಯಾಗುತ್ತೀರಿ. ಹೊರಡುವ ಮುಂಚೆ ಬಾಟಲಿಯ ಮೇಲಿನ ಹೆಸರು, ಡೋಸ್, ಬ್ಯಾಚ್ ನಂಬರ್ ಮೂರೂ ಕಾಣುವ ಹಾಗೆ ಒಂದು ಫೋಟೋ ತೆಗೆದುಕೊಳ್ಳಿ. ಮುಂದಿನ ಸಲ ಬೇರೆ ಕ್ಲಿನಿಕ್‌ನಲ್ಲಿ "ಹೋದ ಸಲ ಯಾವುದು ಹಾಕಿದ್ದರು, ಎಷ್ಟು?" ಅಂತ ಕೇಳಿಯೇ ಕೇಳುತ್ತಾರೆ. "ಕಂದು ಬಣ್ಣದ್ದು" ಅಂದರೆ ಪ್ರಯೋಜನ ಇಲ್ಲ, ಅವೆಲ್ಲವೂ ಕಂದೇ.